ಪರದೆಯ ಹಿಂದಿನ ಆಡಳಿತ: ಬಹಮನಿ ರಾಜಮಾತೆಯನ್ನು ಓದುವ ಬಗೆ

ಅರಮನೆಯ ಸ್ತ್ರೀಯರೆಂದೊಡನೆ ರೂಪ, ಒಡವೆ, ಪ್ರಣಯಗಳ ಕಥೆಗೆ ಇಳಿಯುವುದು ಇತಿಹಾಸ ಬರವಣಿಗೆಯ ಹಳೆಯ ರೂಢಿ. ಫ್ರಾನ್ಸಿನ ಹದಿನೈದನೆಯ ಲೂಯಿಯ ಆಸ್ಥಾನದಲ್ಲಿ 1745ರಿಂದ ಪ್ರಭಾವಶಾಲಿಯಾಗಿದ್ದ ಮದಾಂ ಪಾಂಪದೂರ್ ಇದಕ್ಕೆ ಪ್ರಸಿದ್ಧ ನಿದರ್ಶನ. ಬೀದರಿನ ರಾಣಿವಾಸವೂ ಈ ದೃಷ್ಟಿಯಿಂದ ಪಾರಾಗಿಲ್ಲ. ಕೋಟೆಯ ತರ್ಕಶ್ ಮಹಲು ಸುಲ್ತಾನನ ತುರ್ಕಿ ಬೇಗಮಳಿಗಾಗಿ ಕಟ್ಟಿದ್ದೆಂಬ ಐತಿಹ್ಯ ಇಂದಿಗೂ ಪ್ರಚಲಿತವಾಗಿದೆ. ಆದರೆ ರಾಜ್ಯವನ್ನೇ ಉಳಿಸಿದ ರಾಜಮಾತೆಯ ನೆನಪು ಜನಮನದಲ್ಲಿ ಕ್ಷೀಣವಾಗಿದೆ.

1461ರಲ್ಲಿ ಹುಮಾಯೂನ್ ಶಾಹ ತೀರಿಕೊಂಡಾಗ ಅವನ ಮಗ ನಿಜಾಮ್ ಶಾಹನಿಗೆ ಎಂಟು ವರ್ಷ. ಮಖ್ದೂಮಾ ಜಹಾನ್ ಎಂಬ ಬಿರುದಿನ ರಾಜಮಾತೆ, ಖ್ವಾಜಾ ಜಹಾನ್ ಮತ್ತು ಮಹಮೂದ್ ಗವಾನರೊಂದಿಗೆ ಆಡಳಿತವನ್ನು ವಹಿಸಿಕೊಂಡಳು. ಮಂತ್ರಿಗಳು ಮಾಹ್ ಬಾನು ಎಂಬ ಸ್ತ್ರೀಯ ಮೂಲಕ ಆಕೆಯೊಡನೆ ವ್ಯವಹರಿಸುತ್ತಿದ್ದರೆಂದು ಫರಿಶ್ತಾ ಬರೆಯುತ್ತಾನೆ. 1462ರಲ್ಲಿ ಮಾಳವದ ಮಹಮೂದ್ ಖಲ್ಜಿ ಬೀದರಿನವರೆಗೆ ನುಗ್ಗಿದಾಗ ಆಕೆ ಬಾಲ ಸುಲ್ತಾನನೊಡನೆ ಫಿರೋಜಾಬಾದಿಗೆ ಸರಿದಳು. ಗುಜರಾತಿನ ನೆರವು ಬಂದ ಮೇಲೆ ಶತ್ರು ಹಿಮ್ಮೆಟ್ಟಿದನು. 1463ರಲ್ಲಿ ನಿಜಾಮ್ ಶಾಹ ಮಡಿದಾಗಲೂ ಕಿರಿಯ ಮಗ ಮೂರನೆಯ ಮುಹಮ್ಮದನ ಪರವಾಗಿ ಅದೇ ವ್ಯವಸ್ಥೆ ಮುಂದುವರಿಯಿತು.

ಆಕೆಯನ್ನು ದೇವತೆಯಾಗಿಸುವುದೂ ಸಲ್ಲದು. ಅಧಿಕಾರವನ್ನು ತನ್ನ ಕೈಯಲ್ಲಿಯೇ ಕೂಡಿಸಿಕೊಳ್ಳುತ್ತಿದ್ದ ಖ್ವಾಜಾ ಜಹಾನನನ್ನು 1466ರಲ್ಲಿ ದರಬಾರಿನಲ್ಲಿಯೇ ಕೊಲ್ಲಿಸಿದ ನಿರ್ಧಾರದ ಹಿಂದೆ ಆಕೆಯಿದ್ದಳು. ಇಂಥ ಕೃತ್ಯ ಅರಸನದಾದರೆ ರಾಜನೀತಿ, ಅರಸಿಯದಾದರೆ ಅಂತಃಪುರದ ಒಳಸಂಚು ಎಂದು ಹೆಸರಿಡುವ ವಿಮರ್ಶೆ ಪುನರ್‌ಪರಿಶೀಲನೆಗೆ ಒಳಗಾಗಬೇಕು. ಮಗ ಪ್ರಾಪ್ತವಯಸ್ಕನಾದಾಗ ಆಕೆ ಆಡಳಿತದಿಂದ ಹಿಂದೆ ಸರಿದಳೆಂಬುದೂ ಅಷ್ಟೇ ಮುಖ್ಯವಾದ ಸಂಗತಿ.

1560ರಲ್ಲಿ ಹತ್ತು ವರ್ಷದ ಒಂಬತ್ತನೆಯ ಚಾರ್ಲ್ಸನ ಪರವಾಗಿ ಫ್ರಾನ್ಸನ್ನು ಆಳಿದ ಕ್ಯಾಥರೀನ್ ದ ಮೆಡಿಚಿಯ ಪರಿಸ್ಥಿತಿ ಇದಕ್ಕೆ ಸಮೀಪವಾದುದು. ಆದರೆ ಆಕೆಯ ಪತ್ರಗಳು ಸಂಪುಟಗಳಾಗಿ ಅಚ್ಚಾಗಿವೆ. ಅವುಗಳ ಆಧಾರದಿಂದ ನಿಂದೆಯನ್ನು ಒರೆಗೆ ಹಚ್ಚಬಹುದು. ಬೀದರಿನ ರಾಜಮಾತೆಯನ್ನು ನಾವು ಪುರುಷರು ಬರೆದ ಚರಿತ್ರೆಗಳಲ್ಲಿಯೇ ಹುಡುಕಬೇಕಾಗಿದೆ. ಫರಿಶ್ತಾ ಬರೆದದ್ದು ಒಂದೂವರೆ ಶತಮಾನದ ತರುವಾಯ, ಬಿಜಾಪುರದ ಆಶ್ರಯದಲ್ಲಿ ಎಂಬುದನ್ನೂ ಮರೆಯಲಾಗದು. ಆದಕಾರಣ ಪ್ರಶಂಸೆ, ನಿಂದೆಗಳೆರಡನ್ನೂ ಬದಿಗಿರಿಸಿ, ಆಕೆ ಕೈಗೊಂಡ ನಿರ್ಧಾರಗಳನ್ನೂ ಅವುಗಳ ಪರಿಣಾಮಗಳನ್ನೂ ಓದುವುದು ಉಚಿತ ಮಾರ್ಗ.

ನೌಬಾದಿನ ಸುರಂಗಬಾವಿಯಲ್ಲಿ ನೀರು ನೆಲದಡಿಯೇ ಹರಿಯುತ್ತದೆ. ಮೇಲಿನಿಂದ ಕಾಣುವುದು ಸಾಲು ಬಾವಿಗಳ ಬಾಯಿ ಮಾತ್ರ. ಬಹಮನಿ ಚರಿತ್ರೆಯಲ್ಲಿ ಈ ರಾಜಮಾತೆಯ ಕುರುಹುಗಳೂ ಹಾಗೆಯೇ ಬಿಡಿಬಿಡಿಯಾಗಿವೆ. ಅವುಗಳನ್ನು ಜೋಡಿಸಿ ನೋಡುವ ಕಾರ್ಯ ಈ ಭಾಗದ ಸಂಶೋಧಕರಿಂದ ನಡೆಯಬೇಕಾಗಿದೆ.