ಮುರಕಲ್ಲಿನ ಮರ್ಯಾದೆ

ಮಂಗಳೂರಿನ ಕುದ್ರೋಳಿಯ ಕಬರಸ್ಥಾನದಲ್ಲಿ ಗೋರಿಗಳಿಗೆ ನೆಟ್ಟ ಹಳೆಯ ಮೀಸಾನ್ ಕಲ್ಲುಗಳನ್ನು ಮಳೆ ಬಿಟ್ಟ ಹೊತ್ತಿನಲ್ಲಿ ನೋಡಬೇಕು. ತೊಳೆದ ಮುರಕಲ್ಲಿಗೆ ಆಗ ಕಡುಕೆಂಪು ಕಳೆ. ತಲೆಯ ಬಳಿ ಒಂದು, ಕಾಲಿನ ಬಳಿ ಒಂದು. ನಡುವೆ ಮಣ್ಣು, ಮಣ್ಣಿನ ಮೇಲೆ ಯಾರೋ ನೆಟ್ಟ ಹಸಿರು. ಮಲಗಿದವರ ಮುಖ ಪಡುವಣಕ್ಕೆ. ಈ ಊರಲ್ಲಿ ಪಡುವಣವೆಂದರೆ ಮೊದಲು ಫಲ್ಗುಣಿ ಹೊಳೆ, ಆಮೇಲೆ ಬೆಂಗರೆ, ಅದರಾಚೆ ತೆರೆ ಮೊರೆಯುವ ಕಡಲು.

ಕಪ್ಪು ಗ್ರಾನೈಟಿನ ಹೊಳಪು ಫಲಕಗಳಿಗೂ ಚೆಲುವುಂಟು. ಆದರೂ ನನ್ನ ಮನಸ್ಸು ಮುರಕಲ್ಲಿನದೇ. ನೆಲದಿಂದ ಕಡಿದು ತೆಗೆಯುವಾಗ ಅದು ಬೆಲ್ಲದ ಅಚ್ಚಿನಷ್ಟು ಮೆದು. ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. ಮೈತುಂಬ ತೂತು, ಒರಟು ಒರಟು. ಸಣ್ಣ ಕೆತ್ತನೆ ಅದರಲ್ಲಿ ನಿಲ್ಲದು, ನವಿರಾದ ಅಕ್ಷರವೂ ನಿಲ್ಲದು. ಹಾಗಾಗಿ ಕಲ್ಲುಕುಟಿಗನ ಕೈಗೆ ಉಳಿಯುವುದು ಆಕಾರ ಮಾತ್ರ: ಒಂದು ಅಂಚು, ಒಂದು ಬಾಗು, ಅದರ ಕೆಳಗೆ ಬೀಳುವ ನೆರಳು.

ಆ ನೆರಳಿನ ಕಸುಬು ತನ್ನ ಪೂರ್ತಿ ಎತ್ತರಕ್ಕೆ ಏರಿದ್ದನ್ನು ಕಾಣಬೇಕಾದರೆ ಮೂಡುಬಿದಿರೆಯ ಕೊಡಂಗಲ್ಲಿಗೆ ಹೋಗಬೇಕು. ಅಲ್ಲಿವೆ, ಜೈನ ಗುರುಗಳ ಸಮಾಧಿಗಳು. ಅವೂ ಮುರಕಲ್ಲಿನವೇ. ಒಂದರ ಮೇಲೊಂದು ಇಳಿಜಾರು ಮಾಡು. ಮೇಲಕ್ಕೆ ಹೋದ ಹಾಗೆ ಪ್ರತಿ ಅಂತಸ್ತೂ ಸ್ವಲ್ಪ ಕಿರಿದಾಗುತ್ತದೆ, ಸ್ವಲ್ಪ ಹಗುರಾಗುತ್ತದೆ, ಕೊನೆಗೆ ತುದಿಯಲ್ಲಿ ಕಲ್ಲಿನ ಭಾರವೇ ಮರೆತುಹೋಗುತ್ತದೆ. ಮೂರು, ಐದು, ಏಳು ಅಂತಸ್ತಿನವೂ ಇವೆ ಎಂದು ಬರೆದವನು ಜೇಮ್ಸ್ ಫರ್ಗುಸನ್. 1876ರ ತನ್ನ ವಾಸ್ತುಶಿಲ್ಪದ ಇತಿಹಾಸದಲ್ಲಿ ಇವನ್ನು ವಿವರಿಸುತ್ತ ಕಠ್ಮಂಡುವಿನ ಗುಡಿಗಳನ್ನು ನೆನೆದ. ನನಗೆ ಅಷ್ಟು ದೂರ ಹೋಗಬೇಕೆನಿಸುವುದಿಲ್ಲ. ನಮ್ಮ ಕರಾವಳಿಯ ಜಡಿಮಳೆಗೆ ತಲೆಯೊಡ್ಡುವ ಯಾವ ಹಳೆಯ ಮನೆಯ ಮಾಡೂ ಹೀಗೆಯೇ ಇಳಿಯುತ್ತದೆ. ಬದುಕಿದ್ದವರಿಗೆ ನೆರಳಾದ ಆ ಇಳಿಜಾರನ್ನೇ ಶಿಲ್ಪಿ ತೀರಿಕೊಂಡ ಗುರುವಿನ ಮೇಲೂ ಹೊದಿಸಿದ್ದಾನೆ, ಒಂದಲ್ಲ, ಹಲವು ಪದರ. ಎಂಥ ಅಕ್ಕರೆ!

ಹೆಚ್ಚಿನವುಗಳಲ್ಲಿ ಹೆಸರಿಲ್ಲ. ಒಳಗಿರುವವರು ಯಾರೆಂದು ಕಲ್ಲು ಹೇಳುವುದಿಲ್ಲ. ಆದರೆ ಗೌರವಕ್ಕೆ ಯೋಗ್ಯರಾಗಿದ್ದರು ಎಂಬುದನ್ನು ಒಂದೊಂದು ಮಾಡಿನ ಅಂಚೂ ಹೇಳುತ್ತದೆ. ಪಾಚಿ ಹಿಡಿದ ಕಡೆ ಕೆಂಪು ಕಪ್ಪಾಗಿ, ಕಪ್ಪಿನೊಳಗಿಂದ ಹಸಿರು ಇಣುಕಿ, ಆ ಅಂಚುಗಳು ಇನ್ನಷ್ಟು ಮಾಗಿವೆ.

ಸಾವಿರ ಕಂಬದ ಬಸದಿ ನೋಡಿ ತಣಿದವರು ಬಹಳ ಮಂದಿ ಅಲ್ಲಿಂದಲೇ ಬಸ್ಸು ಹತ್ತುತ್ತಾರೆ. ನೀವು ಹಾಗೆ ಮಾಡಬೇಡಿ. ಕೊಡಂಗಲ್ಲಿಗೂ ಹೋಗಿ, ಬೆಳಗ್ಗೆಯೇ ಹೋದರೆ ಓರೆ ಬಿಸಿಲಿನಲ್ಲಿ ಮಾಡುಗಳ ನೆರಳು ಒಂದರ ಮೇಲೊಂದು ಬೀಳುವುದು ಸಿಗುತ್ತದೆ.