ಪ್ರಯೋಗವೆಂಬ ಶಬ್ದದ ಎರಡರ್ಥಗಳು

ಸಂಗೀತವನ್ನೂ ಭೌತವಿಜ್ಞಾನವನ್ನೂ ರಂಗಕಲೆಯನ್ನೂ ಒಂದೆಡೆ ಬೆರೆಸಿ, ಕೇವಲ ಶಬ್ದವನ್ನೇ ಕಲಾವಸ್ತುವಾಗಿ ಸಭೆಯ ಮುಂದಿಡುವ ಪದ್ಧತಿಯೊಂದು ನಮ್ಮ ದೇಶದಲ್ಲಿಯೂ ತಲೆಯೆತ್ತಿರುವುದು ವಾಚಕರಿಗೆ ವಿದಿತವೇ ಆಗಿದೆ. ಇದು ಯಂತ್ರದ ಗದ್ದಲವೇ ಹೊರತು ಕಲೆಯಲ್ಲವೆಂದು ಕೆಲವರೂ, ಹೊಸದಾದುದರಿಂದಲೇ ಶ್ರೇಷ್ಠವೆಂದು ಕೆಲವರೂ ವಾದಿಸುತ್ತಾರೆ. ಎರಡು ಪಕ್ಷಗಳೂ ಪರೀಕ್ಷೆಗೆ ಮೊದಲೇ ತೀರ್ಪನ್ನು ಕೊಟ್ಟುಬಿಟ್ಟಿರುವುದರಿಂದ, ನಮಗೆ ಎರಡೂ ಗ್ರಾಹ್ಯವಲ್ಲ.

ನಮ್ಮ ಭಾಷೆಯಲ್ಲಿ ‘ಪ್ರಯೋಗ’ವೆಂಬ ಶಬ್ದಕ್ಕೆ ಎರಡರ್ಥಗಳುಂಟು. ನಾಟಕವನ್ನು ರಂಗದ ಮೇಲೆ ಆಡಿ ತೋರಿಸುವುದೂ ಪ್ರಯೋಗವೇ. ಶಾಸ್ತ್ರಜ್ಞನು ತನ್ನ ಶಾಲೆಯಲ್ಲಿ ತತ್ತ್ವವೊಂದನ್ನು ಪರೀಕ್ಷಿಸುವುದೂ ಪ್ರಯೋಗವೇ. ಇವೆರಡೂ ಒಂದೇ ಶಬ್ದದಲ್ಲಿ ನೆಲೆಸಿರುವುದು ಆಕಸ್ಮಿಕವಲ್ಲವೆಂಬುದಕ್ಕೆ ಭರತಮುನಿಯ ನಾಟ್ಯಶಾಸ್ತ್ರವೇ ಸಾಕ್ಷಿ. ಅಲ್ಲಿ ಆತನು ಶ್ರುತಿಗಳು ಇಪ್ಪತ್ತೆರಡೆಂದು ಹೇಳಿ ಸುಮ್ಮನಾಗಲಿಲ್ಲ. ಸಮಪ್ರಮಾಣದ ಎರಡು ವೀಣೆಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಅಚಲವಾಗಿರಿಸಿ, ಇನ್ನೊಂದನ್ನು ಒಂದೊಂದು ಶ್ರುತಿಯಾಗಿ ಇಳಿಸುತ್ತ ಹೋಗಬೇಕೆಂದು ವಿಧಿಸಿದನು. ಎರಡನೆಯ ಇಳಿತದಲ್ಲಿ ಗಾಂಧಾರ ನಿಷಾದಗಳು ಅಚಲವೀಣೆಯ ಋಷಭ ಧೈವತಗಳಲ್ಲಿಯೂ, ಮೂರನೆಯದರಲ್ಲಿ ಋಷಭ ಧೈವತಗಳು ಷಡ್ಜ ಪಂಚಮಗಳಲ್ಲಿಯೂ, ನಾಲ್ಕನೆಯದರಲ್ಲಿ ಷಡ್ಜ ಮಧ್ಯಮ ಪಂಚಮಗಳು ತಮ್ಮ ಕೆಳಗಣ ಸ್ವರಗಳಲ್ಲಿಯೂ ಸೇರುವುದನ್ನು ಕೇಳುವವನ ಕಿವಿಯೇ ನಿರ್ಣಯಿಸುತ್ತದೆ. ಇದಕ್ಕಿಂತ ಶುದ್ಧವಾದ ಧ್ವನಿಪ್ರಯೋಗವು ಬೇರೆ ಯಾವುದು? ಹೀಗಿರಲು ಸಂಗೀತಕ್ಕೂ ಪರೀಕ್ಷೆಗೂ ಸಂಬಂಧವಿಲ್ಲವೆಂಬ ಮಾತು ಶಾಸ್ತ್ರವನ್ನು ನೋಡದವರ ಮಾತು.

ಇತ್ತಲಾಗಿ ಚಂದ್ರಶೇಖರ ವೆಂಕಟರಾಮನ್ನರು 1920ರಲ್ಲಿ ಶಿವಕಾಳಿ ಕುಮಾರರೊಡನೆಯೂ, ತರುವಾಯ 1934ರಲ್ಲಿ ಬೆಂಗಳೂರಿನಿಂದಲೂ ನಮ್ಮ ಚರ್ಮವಾದ್ಯಗಳ ಮೇಲೆ ಪ್ರಬಂಧಗಳನ್ನು ಪ್ರಕಟಿಸಿದರು. ಸಾಮಾನ್ಯವಾದ ಚರ್ಮವಾದ್ಯದ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ಮೃದಂಗದ ಕಪ್ಪು ಕರಣೆಯ ಭಾರದಿಂದ ಮಾತ್ರ ಅವು ತಂತಿವಾದ್ಯದಂತೆ ಮೂಲಸ್ವರದ ಎರಡು, ಮೂರು, ನಾಲ್ಕು, ಐದು ಪಟ್ಟುಗಳಾಗಿ ಹೊಂದಿಕೊಳ್ಳುತ್ತವೆಯೆಂದು ಅವರು ಚರ್ಮದ ಮೇಲೆ ಮರಳನ್ನು ಉದುರಿಸಿ ತೋರಿಸಿಕೊಟ್ಟರು. ಹೆಸರಿಲ್ಲದ ವಾದ್ಯಗಾರನು ಕಿವಿಯಿಂದ ಸಾಧಿಸಿದ್ದುದನ್ನು ವಿಜ್ಞಾನಿಯು ಕಣ್ಣಿಗೆ ಕಾಣಿಸಿದನು.

ಈ ಪರಂಪರೆಯಲ್ಲಿಯೇ ಬೆಂಗಳೂರಿನಲ್ಲಿ ನೆಲೆಸಿದ ಉಮಾಶಂಕರ ಮಂತ್ರವಾದಿಯವರ ಕಾರ್ಯವನ್ನು ಇಟ್ಟು ನೋಡಬೇಕು. ಪ್ರಾಚೀನ ರಂಗಸ್ಥಳಗಳಲ್ಲಿ ಧ್ವನಿಯು ಹೇಗೆ ಸಂಚರಿಸುತ್ತದೆಂಬುದನ್ನು ಅಳೆಯುವುದು ಅವರು ತಾವೇ ಕಲಿತು ರೂಢಿಸಿಕೊಂಡ ವಿದ್ಯೆ. ಚತುರ್ಮುಖಾಕಾರವಾಗಿ ಜೋಡಿಸಿದ ನಾಲ್ಕು ಧ್ವನಿಗ್ರಾಹಕಗಳಿಂದ ಸುತ್ತಲಿನ ಎಲ್ಲ ದಿಕ್ಕುಗಳ ಧ್ವನಿಯನ್ನೂ ಗ್ರಹಿಸುವುದು ಈ ವಿದ್ಯೆಯ ಸಾಧನ. ಇವರ ಕಾರ್ಯವನ್ನೇ ಬೀಜವಾಗಿಟ್ಟುಕೊಂಡು ನಿದಾ ಘೌಸ್ ಎಂಬವರು 2020ರಲ್ಲಿ ಬರ್ಲಿನ್ ನಗರದಲ್ಲಿ ಪ್ರದರ್ಶನವೊಂದನ್ನು ಏರ್ಪಡಿಸಿದರು. ಲೇಖಕರೂ ನಟರೂ ನರ್ತಕರೂ ಗಾಯಕವಾದಕರೂ ಕೂಡಿ ಅಲ್ಲಿ ಶ್ರವ್ಯನಾಟಕವೊಂದನ್ನು ರಚಿಸಿದರು. ಪಾಳುಬಿದ್ದ ಕಲ್ಲುಗಳನ್ನು ನೋಡುವುದರ ಬದಲು ಕೇಳುವುದು ಸಾಧ್ಯವೇ ಎಂಬುದು ಅದರ ವಸ್ತು.

ಎರಡರ್ಥಗಳ ಪ್ರಯೋಗವನ್ನೂ ತನ್ನದೆನ್ನುವ ಕೃತಿಯು ಎರಡು ಋಣಗಳನ್ನೂ ತೀರಿಸಬೇಕು. ಮೊದಲನೆಯದು ಶಾಸ್ತ್ರದ ಋಣ. ನಾಗಾರ್ಜುನಕೊಂಡದ ಇಕ್ಷ್ವಾಕುಕಾಲದ ರಂಗಸ್ಥಳವು ಅಣೆಕಟ್ಟಿನ ನೀರಿಗೆ ಸಿಕ್ಕಬಾರದೆಂದು ಅನುಪು ಎಂಬಲ್ಲಿಗೆ ಸಾಗಿಸಿ ಮರಳಿ ಕಟ್ಟಲ್ಪಟ್ಟುದು. ಈಗ ಅಲ್ಲಿ ಅಳೆದ ಮಾರ್ದನಿಯು ಮೂಲಸ್ಥಾನದ ಮಾರ್ದನಿಯೆನ್ನಲಾಗದು. ಜನರ ಮೈಬಟ್ಟೆಗಳು ಧ್ವನಿಯನ್ನು ಹೀರುವುದರಿಂದ, ಬರಿದಾದ ಸಭೆಯ ಅಳತೆಯು ತುಂಬಿದ ಸಭೆಗೆ ಸಲ್ಲದು. ಆದಕಾರಣ ಪ್ರಾಚೀನರು ಕೇಳಿದ್ದನ್ನೇ ನಾವೂ ಕೇಳುತ್ತೇವೆಂದು ಯಾವ ಕಲಾವಿದನೂ ಹೇಳಕೂಡದು. ಕೇಳುವ ಬಗೆಯನ್ನೇ ವಸ್ತುವಾಗಿರಿಸಿಕೊಂಡುದು ಈ ಕೃತಿಯ ವಿವೇಕ.

ಎರಡನೆಯದು ರಸದ ಋಣ. ಆನಂದವರ್ಧನನು ವಾಚ್ಯಾರ್ಥದ ಹಿಂದೆಯೇ ಹೊಮ್ಮುವ ವ್ಯಂಗ್ಯಾರ್ಥವನ್ನು ಅನುರಣನವೆಂದು ಕರೆದನು. ಗಂಟೆಯ ಪೆಟ್ಟು ನಿಂತ ಮೇಲೆಯೂ ನಾದವು ಉಳಿಯುವಂತೆ, ಮಾತು ನಿಂತ ಮೇಲೆಯೂ ಅರ್ಥವು ಉಳಿಯಬೇಕು. ಧ್ವನಿಕಲೆಗೂ ಇದೇ ಒರೆಗಲ್ಲು. ಯಂತ್ರವು ನಿಂತೊಡನೆ ಸಹೃದಯನಲ್ಲಿ ಏನೂ ಉಳಿಯದಿದ್ದರೆ ಅದು ಕೌತುಕ, ಉಳಿದರೆ ಕಲೆ. ಈ ದೃಷ್ಟಿಯಿಂದ ನಮ್ಮ ಆಕ್ಷೇಪಣೆ ಒಂದೇ: ಈ ಬಗೆಯ ಕೃತಿಗಳು ಬರ್ಲಿನ್ನಿನ ಸಭಾಂಗಣಕ್ಕೆ ಬೇಗ ತಲಪುತ್ತವೆ, ಯಾವ ಕಲ್ಲಿನ ಧ್ವನಿಯೋ ಆ ಕಲ್ಲಿನ ನೆರೆಯಲ್ಲಿ ಬಾಳುವ ಜನರಿಗೆ ತಡವಾಗಿಯೂ ತಲಪುವುದು ಅಪರೂಪ.

ನಮ್ಮ ಸೀಮೆಗೆ ಇದರಿಂದ ಪ್ರಯೋಜನವೇನೆಂದು ಕೇಳಬಹುದು. 1656ರಲ್ಲಿ ಮುಗಿದ ವಿಜಯಪುರದ ಗೋಲಗುಂಬಜದಲ್ಲಿ ಪಿಸುಮಾತು ಸುಮಾರು 38 ಮೀಟರು ಅಗಲವನ್ನು ದಾಟಿ ಎದುರುಗೋಡೆಗೆ ಕೇಳಿಸುತ್ತದೆ. ಆದರೆ ಅಲ್ಲಿಗೆ ಹೋದವರಲ್ಲಿ ಕೂಗುವವರೇ ಹೆಚ್ಚು, ಕೇಳುವವರು ವಿರಳ. ತೆಂಗಳಿಯ ನೆರೆಯಲ್ಲಿಯೇ ಇರುವ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟ. ಧ್ವನಿಯನ್ನು ಅಲಂಕಾರವೆಂದು ಹೆಸರಿಸಿದ ಕವಿರಾಜಮಾರ್ಗವು ಅದೇ ಆಸ್ಥಾನದ ಕೃತಿ. ಬಿದ್ದ ಗೋಡೆಯ ಚಿತ್ರವಾದರೂ ಉಳಿದೀತು. ಆ ಗೋಡೆಯು ಹಿಂದಿರುಗಿಸುತ್ತಿದ್ದ ಧ್ವನಿಯು, ಮೊದಲೇ ಅಳೆದಿಡದಿದ್ದರೆ, ಗೋಡೆಯೊಡನೆಯೇ ಅಳಿಯುತ್ತದೆ. ಹಳೆಯ ಗುಡಿಗಳ ಗರ್ಭಗೃಹಗಳಿಗೂ ಧ್ವನಿವರ್ಧಕವನ್ನು ಕಟ್ಟಿ ಕಲ್ಲಿನ ಕಂಠವನ್ನು ಅಡಗಿಸುತ್ತಿರುವ ಈ ಕಾಲದಲ್ಲಿ, ಅಂಥ ಅಳತೆಗೆ ತೊಡಗಿದವರನ್ನು ಹುಚ್ಚರೆಂದು ಹಳಿಯದೆ, ನಮ್ಮ ಊರುಗಳಿಗೂ ಬರಮಾಡಿಕೊಳ್ಳುವುದು ಉಚಿತವೆಂದು ವಾಚಕರಲ್ಲಿ ವಿಜ್ಞಾಪಿಸಿಕೊಳ್ಳುತ್ತೇವೆ. ಅಲಮತಿವಿಸ್ತರೇಣ.