ಸಿಸಿಯು ಸಿಸ್ಟರ್

ಸಿಸಿಯುನಲ್ಲಿ, ಅಂದರೆ ಹೃದ್ರೋಗಿಗಳ ತೀವ್ರ ನಿಗಾ ಘಟಕದಲ್ಲಿ, ಹೃದಯಾಘಾತವಾದವರನ್ನು ನೋಡಿಕೊಳ್ಳುವ ಸಿಸ್ಟರ್ ಕಣ್ಣು ಮಾನಿಟರ್ ಮೇಲಿದ್ದರೂ ಮಾತು ರೋಗಿಯ ಜೊತೆಗೇ. ಮಣಿಕಟ್ಟಿನಿಂದ ಸ್ಟೆಂಟ್ ಹಾಕಿಸಿಕೊಂಡವರ ಕೈಪಟ್ಟಿಯ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ, ರಕ್ತ ಒಸರುತ್ತಿದೆಯೇ, ಬೆರಳು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡುತ್ತಾರೆ. “ತಾತ, ಸಂಡಾಸಿಗೆ ಕೂತಾಗ ತಿಣುಕಬೇಡಿ, ಔಷಧಿ ಕೊಡ್ತೀನಿ” ಎನ್ನಲು ಸಂಕೋಚವಿಲ್ಲ. “ಏನೂ ಆಗಲ್ಲ” ಎಂಬ ಹುಸಿ ಧೈರ್ಯವನ್ನು ಮಾತ್ರ ಹೇಳುವುದಿಲ್ಲ (ಅದಕ್ಕೆ ನೆಂಟರಿದ್ದಾರೆ). “ಎದೆ ಮತ್ತೆ ಹಿಡಿದ್ರೆ ತಡ್ಕೋಬೇಡಿ, ಬೆಲ್ ಒತ್ತಿ, ಇಲ್ಲೇ ಇರ್ತೀನಿ.” ಈ ಮಾತಿಗೆ ಬಲವಿದೆ: 1960ರ ದಶಕದಲ್ಲಿ ಇಂಥ ಘಟಕಗಳು ಶುರುವಾದಾಗ, ಬಡಿತದ ಲಯ ಕೆಟ್ಟರೆ ವೈದ್ಯರಿಗೆ ಕಾಯದೆ ಶಾಕ್ ಕೊಡುವ ಅಧಿಕಾರ ತರಬೇತಿ ಪಡೆದ ನರ್ಸ್‌ಗಳಿಗೆ ಸಿಕ್ಕಿತು. ಡಿಸ್ಚಾರ್ಜ್ ದಿನ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು ಡಾಕ್ಟರ್ ಹೇಳದೆ ನಿಲ್ಲಿಸಬಾರದೆಂದು ಮನೆಯವರ ಬಾಯಲ್ಲೇ ಹೇಳಿಸಿ ಕೇಳುತ್ತಾರೆ.